ನನ್ನ ಭಾನುವಾರಕ್ಕೆ ಅಂಕ ಕೊಟ್ಟವರಿಗೆ

ಇವರಿಗೆ,
ಮಾನ್ಯ ವ್ಯಕ್ತಿತ್ವ ವಿಕಸನ ಅಧಿಕಾರಿಗಳು,
ನಮ್ಮ ಕಾಲೇಜು, ಮೊದಲ ಮಹಡಿ, ಕುಡಿಯುವ ನೀರಿನ ನಲ್ಲಿಯ ಪಕ್ಕದ ಕೊಠಡಿ.

ಮಾನ್ಯರೇ,

ತಾವು ಕ್ಷೇಮವೆಂದೂ, ತಮ್ಮ ಕೆಂಪು ಪೆನ್ನಿನ ಆರೋಗ್ಯವೂ ಚೆನ್ನಾಗಿದೆಯೆಂದೂ ಭಾವಿಸಿ, ಎರಡನೆಯ ವರ್ಷದ ವಿದ್ಯಾರ್ಥಿನಿಯಾದ ನಾನು ಎರಡೂ ಕೈ ಜೋಡಿಸಿಕೊಂಡು ಈ ಪತ್ರ ಬರೆಯುತ್ತಿದ್ದೇನೆ. ಎರಡೂ ಕೈ ಜೋಡಿಸಿಕೊಂಡು ಬರೆಯುವುದು ಹೇಗೆಂದು ತಾವು ಕೇಳಬಾರದು. ಮನಬಿಚ್ಚಿ ಬರೆದದ್ದಕ್ಕೆ ಮನೆಯವರ ಸಹಿ ಹಾಕಿಸಿ ತರುವುದು ಹೇಗೆಂದು ನಾವು ತಮ್ಮನ್ನು ಕೇಳಲಿಲ್ಲವಲ್ಲ. ಪತ್ರವನ್ನು ತಮ್ಮ ಸುತ್ತೋಲೆಯ ಪಕ್ಕದಲ್ಲೇ, ಅದೇ ಸೂಚನಾ ಫಲಕಕ್ಕೆ ಅಂಟಿಸಿದ್ದೇನೆ. ಮನೆಯ ಮಾತನ್ನು ಎಲ್ಲರೂ ಓದುವ ಜಾಗದಲ್ಲಿಡುವ ಅಭ್ಯಾಸ ತಮ್ಮಿಂದಲೇ ಕಲಿತದ್ದು.

ಆ ಸುತ್ತೋಲೆಯನ್ನು ಎಷ್ಟು ಹೊಗಳಿದರೂ ಸಾಲದು. ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಖಾಸಗಿ ದಿನಚರಿಯನ್ನು ಆರಂಭಿಸತಕ್ಕದ್ದು, ಪ್ರತಿ ವಾರ ತನ್ನ ಸಾಮಾನ್ಯ ಭಾನುವಾರವೊಂದನ್ನು ಕುರಿತು ಯಾವ ಮುಚ್ಚುಮರೆಯೂ ಇಲ್ಲದೆ ಬರೆಯತಕ್ಕದ್ದು, ಪುಟದ ಕೆಳಗೆ ಪಾಲಕರ ಸಹಿ ಪಡೆಯತಕ್ಕದ್ದು, ಸೋಮವಾರ ತಮ್ಮ ಮೇಜಿಗೆ ಒಪ್ಪಿಸತಕ್ಕದ್ದು, ಹತ್ತಕ್ಕೆ ಅಂಕ ಕೊಡಲಾಗುವುದು, ಉತ್ತಮವಾದದ್ದನ್ನು ಸಭಾಂಗಣದಲ್ಲಿ ಓದಲಾಗುವುದು ಎಂದು ತಾವು ಅಪ್ಪಣೆ ಕೊಡಿಸಿದ್ದಿರಿ. ಖಾಸಗಿ ಎಂಬ ಪದವನ್ನೂ ಸಭಾಂಗಣ ಎಂಬ ಪದವನ್ನೂ ಒಂದೇ ಹಾಳೆಯಲ್ಲಿ ಕೂರಿಸಿ, ಅವೆರಡೂ ಜುಟ್ಟು ಹಿಡಿದು ಜಗಳವಾಡದಂತೆ ನೋಡಿಕೊಂಡ ಆಡಳಿತಗಾರರು ನಮ್ಮ ಕಾಲೇಜಿನಲ್ಲಿ ಹಿಂದೆ ಇರಲಿಲ್ಲ.

ನನ್ನ ಸಹಪಾಠಿಗಳು ಜಾಣರು. ಆ ಮೊದಲ ಭಾನುವಾರ ಬೆಳಗಿನಿಂದಲೇ ಮೋಡ ಕವಿದು ಸೂರ್ಯ ಮುಖವನ್ನೇ ತೋರಿಸದಿದ್ದರೂ, ನಮ್ಮ ತರಗತಿಯ ಅಷ್ಟೂ ಮಂದಿ ಬೇಗನೆದ್ದು ಹೊಂಬಣ್ಣದ ಸೂರ್ಯೋದಯವನ್ನು ಕಣ್ತುಂಬಿಕೊಂಡಿದ್ದರು; ಬಳಿಕ ವ್ಯಾಯಾಮ ಮಾಡಿ, ಹಿರಿಯರಿಗೆ ನೆರವಾಗಿ, ತಲಾ ಒಂದೊಂದು ಗಿಡಕ್ಕೆ ನೀರೆರೆದಿದ್ದರು. ರಜೆಯ ದಿನ ಮಧ್ಯಾಹ್ನಕ್ಕೆ ಮೊದಲು ಕಣ್ಣು ಬಿಟ್ಟವಳೇ ಅಲ್ಲದ ನನ್ನ ಗೆಳತಿಯೊಬ್ಬಳು, ಬಾಲ್ಕನಿಯೇ ಇಲ್ಲದ ತನ್ನ ಮನೆಯ ಬಾಲ್ಕನಿಯಲ್ಲಿ ನಿಂತು ಗುಬ್ಬಚ್ಚಿಗಳಿಗೆ ಕಾಳು ಹಾಕಿದ್ದಳು. ಅವಳಿಗೆ ಏಳು ಅಂಕ ಬಂದಾಗ, ಗುಬ್ಬಚ್ಚಿಯ ಬದಲು ನವಿಲು ಬರೆಯಬೇಕಿತ್ತೆಂದು ಪೇಚಾಡಿಕೊಂಡಳು.

ನಾನೋ, ಹೇಳಿದ್ದನ್ನು ಹೇಳಿದ ಹಾಗೇ ನಂಬುವ ಪೆದ್ದಿ. ತಾವು ಮನಬಿಚ್ಚಿ ಎಂದಿರಿ, ನಾನು ಬಿಚ್ಚಿದೆ. ತಡವಾಗಿ ಎದ್ದೆ, ಎದ್ದ ಮೇಲೂ ಸ್ವಲ್ಪ ಹೊತ್ತು ಮಲಗಿಯೇ ಇದ್ದೆ ಎಂದು ಬರೆದೆ. ಬಟ್ಟೆ ಹಿಂಡುವಾಗ ಜೇಬಿನೊಳಗಿಂದ ಮುದ್ದೆಯಾಗಿ ಬಂದ ಕಾಗದವೇ ಮರುದಿನದ ಪರೀಕ್ಷೆಗೆ ಓದಬೇಕಾಗಿದ್ದ ಟಿಪ್ಪಣಿ ಎಂದು ಬರೆದೆ. ಊರಿನ ಲಿಫ್ಟುಗಳನ್ನೆಲ್ಲ ರಿಪೇರಿ ಮಾಡಿ ಸೈ ಎನ್ನಿಸಿಕೊಂಡಿರುವ ಅಪ್ಪ, ಭಾನುವಾರ ಬಂತೆಂದರೆ ಸರಿಯಾಗಿಯೇ ಇರುವ ಮಿಕ್ಸಿಯನ್ನು ಬಿಚ್ಚಿ ಹರಡಿಕೊಂಡು ಕೂರುತ್ತಾರೆಂದೂ, ಮತ್ತೆ ಜೋಡಿಸಿದಾಗ ಪ್ರತಿ ಸಲವೂ ಒಂದೆರಡು ಸ್ಕ್ರೂ ಮಿಕ್ಕುತ್ತವೆಂದೂ, ಅಮ್ಮ ಅವನ್ನು ಡಬ್ಬಿಯಲ್ಲಿ ಕೂಡಿಟ್ಟು "ಇನ್ನೊಂದು ಮಿಕ್ಸಿಗೆ ಆಗೋವಷ್ಟಿದೆ" ಎನ್ನುತ್ತಾಳೆಂದೂ ಬರೆದೆ.

ಚಿಕ್ಕಮ್ಮನ ಬಗ್ಗೆಯೂ ಬರೆದೆ. ಅಮ್ಮನ ತಂಗಿಯಾದ ಅವಳಿಗೆ ಒಂದು ದೊಡ್ಡ ಹೊಲಿಗೆ ಅಂಗಡಿಯಲ್ಲಿ ಬಟ್ಟೆ ಕತ್ತರಿಸುವ ಕೆಲಸ. ಒಂಟಿ ಜೀವ, ವಾರವಿಡೀ ಕೂಡಿಟ್ಟ ಮಾತನ್ನೆಲ್ಲ ಭಾನುವಾರ ನಮ್ಮ ಅಡುಗೆಮನೆಗೆ ತಂದು, ನೆಲದ ಮೇಲೆ ಕಾಲು ಚಾಚಿ ಕೂತು, ತರಕಾರಿ ಹೆಚ್ಚುತ್ತ ಹೆಚ್ಚುತ್ತ ಒಂದೊಂದೇ ಬಿಡಿಸುತ್ತಾಳೆ. ನನ್ನ ಭಾನುವಾರ ಎಂದರೆ ಅದೇ, ಮಾನ್ಯರೇ. ಉಳಿದದ್ದೆಲ್ಲ ಬಟ್ಟೆ ಒಗೆಯುವುದು. ಆ ದಿನ ಅವಳು ತನ್ನ ಅಂಗಡಿಯ ಯಜಮಾನರ ಹಾಗೆ ಮಾಡಿ ತೋರಿಸಿದಳು. ಅವರು ಗಿರಾಕಿಯ ಮೈಗೆ ಟೇಪು ಸುತ್ತಿ, ಅಂಗಡಿಯ ಆ ತುದಿಯಲ್ಲಿ ಬರೆದುಕೊಳ್ಳುವವನಿಗೆ ಕೇಳಿಸಲೆಂದು, "ಸೊಂಟ ನಲವತ್ನಾಲ್ಕೂ, ಹೊಟ್ಟೆ ಮುಂದೂ" ಎಂದು ಇಡೀ ಬೀದಿಗೆ ಸಾರುತ್ತಾರಂತೆ. ಚಿಕ್ಕಮ್ಮ ಕೈ ಒರೆಸುವ ಬಟ್ಟೆಯನ್ನೇ ಟೇಪು ಮಾಡಿಕೊಂಡು ಅಮ್ಮನ ಸೊಂಟ ಅಳೆದು ಕೂಗಿದಾಗ, ಅಮ್ಮ ನಗು ತಡೆಯಲಾಗದೆ ಒಲೆ ಆರಿಸಿ ಕೂತಳು.

ಅದರ ಬೆನ್ನಿಗೇ ಅವಳು ಇನ್ನೊಂದು ಕಥೆ ತೆಗೆದಿದ್ದಳು. "ಮೊನ್ನೆ ಒಬ್ರು ದೊಡ್ಡ ಮನುಷ್ಯರು ಕೋಟು ಹೊಲಿಸೋಕೆ ಬಂದಿದ್ರು ಅಕ್ಕ. ನಮ್ಮ ಯಜಮಾನರು ಟೇಪು ಸುತ್ತಿ ಬಾಯಿ ತೆಗೆದ್ರೋ ಇಲ್ವೋ, ಆ ಪುಣ್ಯಾತ್ಮರು ಇವರ ಬಾಯಿಗೇ ಕೈ ಅಡ್ಡ ಹಿಡಿದುಬಿಟ್ರು" ಎಂದು ಹೇಳುವಷ್ಟರಲ್ಲಿ ಅಪ್ಪನ ಮಿಕ್ಸಿ ಢಬ್ ಎಂದು ಮನೆಯ ಫ್ಯೂಸು ಹೋಯಿತು, ಆ ಗಲಾಟೆಯಲ್ಲಿ ಕಥೆ ಮುಂದಿನ ವಾರಕ್ಕೆ ಉಳಿಯಿತು. ಅರ್ಧ ಕಥೆ ಬರೆಯುವುದು ಸರಿಯಲ್ಲವೆಂದು ಅದನ್ನು ದಿನಚರಿಗೆ ಸೇರಿಸದೆ ಬಿಟ್ಟೆ.

ಅಪ್ಪ ಓದದೆ ಸಹಿ ಹಾಕಿದರು, ಸಹಿಯ ಪಕ್ಕ ಎಣ್ಣೆ ಹತ್ತಿದ ಹೆಬ್ಬೆರಳೂ ಮೂಡಿತು. ತಾವು ಹತ್ತಕ್ಕೆ ಒಂಬತ್ತು ಕೊಟ್ಟು, ಕಳೆದ ಒಂದು ಅಂಕಕ್ಕೆ "ಶುಚಿತ್ವಕ್ಕೆ ಗಮನ ಕೊಡಿ" ಎಂದು ಕಾರಣವನ್ನೂ ಬರೆದು, ಆ ವಾರವೇ ನನ್ನ ಭಾನುವಾರವನ್ನು ಸಭಾಂಗಣದಲ್ಲಿ ಓದಿದಿರಿ. ಬರೀ ಓದಿದಿರೇ? ತಮ್ಮ ಕೊರಳಿಗೆ ಮೈಕಿನ ತಂತಿಯನ್ನೇ ಟೇಪಿನಂತೆ ಹಾಕಿಕೊಂಡು, "ಸೊಂಟ ನಲವತ್ನಾಲ್ಕೂ" ಎಂದು ತಾವು ಕೂಗಿದ ಚೆಂದಕ್ಕೆ ಇಡೀ ಕಾಲೇಜು ಹೊಟ್ಟೆ ಹುಣ್ಣಾಗುವಂತೆ ನಕ್ಕಿತು. ತಾವೂ ನಕ್ಕ ಭರಕ್ಕೆ ತಮ್ಮ ಹಳೆಯ ಕೋಟಿನ ಗುಂಡಿಯೊಂದು ಕಿತ್ತು ಉರುಳಿ ಬಂದಾಗ, ಮುಂದಿನ ಸಾಲಿನಲ್ಲಿದ್ದ ನಾನೇ ಅದನ್ನು ಹೆಕ್ಕಿ ತಮ್ಮ ಕೈಗೆ ಕೊಟ್ಟೆ.

ಹಿಂದಿನ ಸಾಲಿನಲ್ಲಿ ಆ ಯಜಮಾನರ ಮಗ ಕೂತಿದ್ದ. ಅವನು ನಮ್ಮ ಕಾಲೇಜಿನವನೆಂದು ನನಗೂ ಗೊತ್ತಿರಲಿಲ್ಲ, ತಮಗೂ ಗೊತ್ತಿರಲಿಲ್ಲ. ಗೊತ್ತಿರುವವರು ಗೊತ್ತಾಗಬೇಕಾದ ಕಡೆಗೆ ಸಂಜೆಯೊಳಗೆ ಗೊತ್ತು ಮಾಡಿದರು. ಮರುದಿನ ಚಿಕ್ಕಮ್ಮನ ಕೈಯಿಂದ ಕತ್ತರಿ ಹೋಯಿತು. ತನ್ನ ಕೈಕೆಳಗೆ ಕೆಲಸ ಕಲಿತವರ ಪಕ್ಕದಲ್ಲೇ ಅವಳನ್ನು ಕಾಜ ಹೊಲಿದು ಗುಂಡಿ ಹಾಕಲು ಕೂರಿಸಿದರು.

ಮುಂದಿನ ಭಾನುವಾರ ಚಿಕ್ಕಮ್ಮ ಬಂದಳು. ಎಂದೂ ನೆಲದ ಮೇಲೆ ಕೂರುವವಳು, ಹಾಲಿನಲ್ಲಿ ಕುರ್ಚಿಯ ಮೇಲೆ, ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ನನ್ನನ್ನು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಕೋಟಿನವರ ಕಥೆ ಏನಾಯಿತೆಂದು ನಾನು ಕೇಳಿದ್ದಕ್ಕೆ, "ಅಯ್ಯೋ, ನನ್ನ ಹತ್ರ ಯಾವ ಕಥೆ ಇದೆ ಪುಟ್ಟಿ, ಬರೆಯೋರ ಮುಂದೆ ಬಾಯಿ ಬಿಡೋಕೆ ನಾನೇನು ಮಂತ್ರೀನಾ" ಎಂದು, ಬಿಸಿಲು ಜಾಸ್ತಿ ಎಂಬ ಬಗ್ಗೆ ಸ್ವಲ್ಪ ಮಾತಾಡಿ, ಊಟ ಮಾಡದೆ ಹೊರಟುಹೋದಳು. ಅವಳು ಹೋದ ಮೇಲೆ ಅಮ್ಮ, "ಮಾತು ಮನೆ ಕೆಡಿಸ್ತು ಅಂತಾರೆ. ನಮ್ಮನೇಲಿ ಬರೆದಿದ್ದು ಕೆಡಿಸ್ತು" ಎಂದಳು.

ಅಂದಿನಿಂದ ನಮ್ಮ ಮನೆಯ ವ್ಯಕ್ತಿತ್ವ ಎಷ್ಟು ವಿಕಸನಗೊಂಡಿದೆಯೆಂದರೆ ತಾವು ಬಂದು ನೋಡಿದರೆ ಕಣ್ಣೀರು ಹಾಕುತ್ತೀರಿ. ಭಾನುವಾರ ಬೆಳಗಾದರೆ ಅಪ್ಪ ಬನಿಯನ್ನಿನ ಮೇಲೆ ಅಂಗಿ ಹಾಕಿಕೊಂಡು, ದಪ್ಪನೆಯ ಪುಸ್ತಕವೊಂದನ್ನು ಎದೆಯ ಮೇಲಿಟ್ಟುಕೊಂಡೇ ನಿದ್ದೆ ಮಾಡುತ್ತಾರೆ. ಮಿಕ್ಸಿಯನ್ನು ಯಾರೂ ಮುಟ್ಟದ್ದರಿಂದ ಅದು ಚೆನ್ನಾಗಿ ಓಡುತ್ತಿದೆ. ದವಾಖಾನೆಯಲ್ಲಿ ರೋಗಿಗಳಿಗೆ ಚೀಟಿ ಬರೆದು ಬರೆದು ಸುಸ್ತಾಗಿ ರಜೆಯ ದಿನ ಹತ್ತರವರೆಗೆ ಮಲಗುತ್ತಿದ್ದ ಅಮ್ಮ, ಈಗ ಬೇಗ ಎದ್ದು, "ಅಮ್ಮ ಬೇಗ ಎದ್ದಳು ಅಂತ ಬರಿ" ಎಂದು ನನ್ನನ್ನು ಎಬ್ಬಿಸಿ ಹೇಳಿ, ಮತ್ತೆ ಹೋಗಿ ಮಲಗುತ್ತಾಳೆ. ನಾನು ಅಡುಗೆಮನೆಗೆ ಕಾಲಿಟ್ಟರೆ ಆಡುತ್ತಿದ್ದ ಮಾತು ನಿಲ್ಲುತ್ತದೆ. ಪೊಲೀಸರ ಮನೆಯ ಮಗಳಿಗೂ ಇಂಥ ಮರ್ಯಾದೆ ಸಿಗಲಿಕ್ಕಿಲ್ಲ. ನನಗೆ ಸಂಕಟವಾಗುತ್ತದೆ, ಮಾನ್ಯರೇ, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

ಆದ್ದರಿಂದ ತಮ್ಮಲ್ಲಿ ಕೆಲವು ಸಣ್ಣಪುಟ್ಟ ಬಿನ್ನಹಗಳು. ದಯಮಾಡಿ ಅದೇ ಸಭಾಂಗಣದಲ್ಲಿ ಅದೇ ಮೈಕು ಹಿಡಿದು ನನ್ನ ಪುಟವನ್ನು ಕೊನೆಯ ಸಾಲಿನಿಂದ ಮೊದಲ ಸಾಲಿನವರೆಗೆ ಹಿಂದುಮುಂದಾಗಿ ಓದಬೇಕು. ಅಂದು ನಕ್ಕವರೆಲ್ಲ ತಮ್ಮ ತಮ್ಮ ನಗುವನ್ನು ವಾಪಸು ನುಂಗಿಕೊಳ್ಳುವಂತೆ ಆದೇಶಿಸಬೇಕು. ಯಜಮಾನರ ಮಗ ಮನೆಯಿಂದ ಕಾಲೇಜಿಗೆ ಹಿಮ್ಮುಖವಾಗಿ ನಡೆದು ಬಂದು, ಕೇಳಿದ್ದನ್ನು ಕಿವಿಯಿಂದ ತೆಗೆದು ತಮ್ಮ ಮೇಜಿನ ಮೇಲಿಟ್ಟು ರಸೀದಿ ಪಡೆಯಬೇಕು. ಇದಕ್ಕೆ ನಿಯಮಗಳಲ್ಲಿ ಅವಕಾಶವಿಲ್ಲವೆಂದಾದರೆ, ಕಾಲೇಜಿನ ವತಿಯಿಂದ ನಮಗೊಬ್ಬ ಬದಲಿ ಚಿಕ್ಕಮ್ಮನನ್ನು ಒದಗಿಸಬೇಕು. ಅವಳಿಗೆ ಪದವಿ ಇಲ್ಲದಿದ್ದರೂ ನಡೆದೀತು. ಆದರೆ ತರಕಾರಿ ಹೆಚ್ಚುತ್ತ ಇನ್ನೊಬ್ಬರ ಹಾಗೆ ಮಾತಾಡಲು ಬರಬೇಕು, ಮತ್ತು ಅಮ್ಮ ಒಲೆ ಆರಿಸುವಷ್ಟು ನಗಿಸಬೇಕು. ಅದೂ ಆಗದಿದ್ದಲ್ಲಿ ತಾವೇ ಒಂದು ಭಾನುವಾರ ದಯಮಾಡಿಸಿ, ನಮ್ಮ ಅಡುಗೆಮನೆಯ ನೆಲದ ಮೇಲೆ ಕಾಲು ಚಾಚಿ ಕೂತು, ಮನಬಿಚ್ಚಬೇಕು. ನನಗೆ ಅಂಕ ಬೇಡ. ಆ ಒಂಬತ್ತನ್ನೂ ಹಿಂದಕ್ಕೆ ತೆಗೆದುಕೊಂಡು ಚಿಕ್ಕಮ್ಮನ ಮಾತನ್ನು ನನಗೆ ಕೊಟ್ಟುಬಿಡಿ.

ತಮ್ಮ ಉತ್ತರಕ್ಕೆ ಕಾಯುವಷ್ಟು ತಾಳ್ಮೆ ಇಲ್ಲದ್ದರಿಂದ, ಈ ಪತ್ರ ಬರೆಯುವ ಮೊದಲೇ, ಮೊನ್ನೆಯ ಭಾನುವಾರ ನಾನೇ ಒಂದು ಉಪಾಯ ಮಾಡಿದೆ. ಚಿಕ್ಕಮ್ಮ ಬಂದು ಈಚಿನ ಅಭ್ಯಾಸದಂತೆ ಕುರ್ಚಿಯ ತುದಿಯಲ್ಲಿ ಕೂತಾಗ, ನನ್ನ ಪೆನ್ನನ್ನು ತಂದು ಅವಳ ಕೈಯಲ್ಲಿಟ್ಟೆ. ಅವಳು ಪೆನ್ನನ್ನು ನೋಡಿದಳು, ನನ್ನನ್ನು ನೋಡಿದಳು, "ಇನ್ನೊಂದು ಇದ್ಯಾ?" ಎಂದಳು. ಇನ್ನೊಂದನ್ನೂ ತಂದು ಕೊಟ್ಟೆ. ಅಪ್ಪ ತಮ್ಮ ಅಂಗಿಯ ಜೇಬಿನಲ್ಲಿದ್ದದ್ದನ್ನೂ ತೆಗೆದು ಕೊಟ್ಟರು. ಚಿಕ್ಕಮ್ಮ ಮೂರನ್ನೂ ತನ್ನ ತಲೆಯ ಗಂಟಿಗೆ ಸಿಕ್ಕಿಸಿಕೊಂಡು, ಎದ್ದು ಅಡುಗೆಮನೆಗೆ ಹೋಗಿ, ನೆಲದ ಮೇಲೆ ಕಾಲು ಚಾಚಿ ಕೂತು, "ಎಲ್ಲಿಗೆ ನಿಲ್ಲಿಸಿದ್ದೆ ಅಕ್ಕ, ಬಾಯಿಗೆ ಕೈ ಅಡ್ಡ ಹಿಡಿದ್ರಲ್ಲ, ಅಲ್ಲಿಗಾ" ಎಂದು ಕೇಳಿದಳು. ಆಮೇಲೆ ಏನು ಹೇಳಿದಳು, ಅಮ್ಮ ಏಕೆ ಒಲೆ ಆರಿಸಿದಳು, ಮತ್ತೆ ಮಿಕ್ಸಿ ಬಿಚ್ಚಲು ಕೂತಿದ್ದ ಅಪ್ಪ ಅದನ್ನು ಅರ್ಧಕ್ಕೆ ಬಿಟ್ಟು ಬಾಗಿಲಲ್ಲಿ ಬಂದು ಏಕೆ ನಿಂತರು ಎಂಬುದನ್ನೆಲ್ಲ ನಾನು ಬರೆಯಲಿಲ್ಲ. ಸಂಜೆ ಅವಳು ಪೆನ್ನು ವಾಪಸು ಕೊಟ್ಟ ಮೇಲೆ, ದಿನಚರಿಯಲ್ಲಿ "ಈ ಭಾನುವಾರ ವಿಶೇಷವೇನೂ ನಡೆಯಲಿಲ್ಲ" ಎಂದು ಒಂದೇ ಸಾಲು ಬರೆದು ಸಹಿ ಹಾಕಿಸಿದೆ. ತಾವು ಅದರ ಕೆಳಗೆ "ಇನ್ನಷ್ಟು ಮನಬಿಚ್ಚಿ ಬರೆಯುವುದು" ಎಂದು ಕೆಂಪಿನಲ್ಲಿ ಬರೆದು ಹತ್ತಕ್ಕೆ ಎರಡು ಕೊಟ್ಟಿದ್ದೀರಿ. ನನ್ನ ಜೀವಮಾನದಲ್ಲಿ ಇಷ್ಟು ಸಂತೋಷದಿಂದ ನಾನು ಯಾವ ಅಂಕವನ್ನೂ ಪಡೆದಿಲ್ಲ.

ಹತ್ತಕ್ಕೆ ಎರಡರ ಮಟ್ಟಿಗೆ,
ತಮ್ಮ ವಿಶ್ವಾಸಿ,
ಎರಡನೆಯ ವರ್ಷದ ವಿದ್ಯಾರ್ಥಿನಿ
(ಪಾಲಕರ ಸಹಿ: ಚಿಕ್ಕಮ್ಮ)

ತಾ.ಕ.: ಈ ಪತ್ರವನ್ನು ಚಿಕ್ಕಮ್ಮ ಪೂರ್ತಿ ಓದಿಯೇ ಸಹಿ ಹಾಕಿದ್ದಾಳೆ. ಇದನ್ನು ಅಂಟಿಸಿದರೆ ಅಂಗಡಿಯಲ್ಲಿ ಮತ್ತೆ ತೊಂದರೆಯಾದೀತೆಂದು ನಾನು ಅಂಜಿದಾಗ, "ಗುಂಡಿ ಹಾಕೋದಕ್ಕಿಂತ ಕೆಳಗಿನ ಕೆಲಸ ಅಲ್ಲಿಲ್ಲ, ಧೈರ್ಯವಾಗಿ ಅಂಟಿಸು" ಎಂದು ಹೇಳಿ, ಒಂದು ಸಂದೇಶವನ್ನೂ ಸೇರಿಸಲು ತಿಳಿಸಿದ್ದಾಳೆ. ತಮ್ಮ ಹೊಸ ಕೋಟು (ಅಳತೆಯ ಚೀಟಿಯಲ್ಲಿ ತಮ್ಮ ಹೆಸರೂ ಹುದ್ದೆಯೂ ಇತ್ತಂತೆ) ಸಿದ್ಧವಾಗಿದೆ, ಶನಿವಾರ ಸಂಜೆ ಬಂದು ತೆಗೆದುಕೊಂಡು ಹೋಗಬಹುದಂತೆ. ಗುಂಡಿಗಳನ್ನು ಅವಳೇ ಹಾಕಿದ್ದಾಳೆ. ತಾವು ಎಷ್ಟು ನಕ್ಕರೂ ಕಿತ್ತುಬರುವುದಿಲ್ಲವಂತೆ. ಅಳತೆ ತೆಗೆಯುವಾಗ ಯಜಮಾನರ ಬಾಯಿಗೆ ಕೈ ಅಡ್ಡ ಹಿಡಿದು, "ಮೆಲ್ಲಗೆ ಹೇಳಿ, ಇದು ನನ್ನ ಖಾಸಗಿ ವಿಷಯ" ಎಂದು ತಾವು ಬೇಡಿಕೊಂಡದ್ದು ನಮ್ಮ ಮನೆಯವರಿಗೆಲ್ಲ ಬಹಳ ಹಿಡಿಸಿತು. ತಮ್ಮ ಸೊಂಟದ ಅಳತೆಯನ್ನು ನಾನು ಇಲ್ಲಿ ಬರೆಯುವುದಿಲ್ಲ.