ಎರಡು ಗಂಟೆಯೊಳಗೆ ಐವತ್ತು ಮೂಗು

ಸೋಂಕನ್ನು ಮಟ್ಟಹಾಕಲು ರಾಜ್ಯ ಸರ್ಕಾರ ಒಂದೊಂದು ವಾರ್ಡಿಗೂ ದಿನಕ್ಕೆ ಐವತ್ತು ಮೂಗು ಎಂದು ಗೊತ್ತುಮಾಡಿತು. ಆದೇಶ ಹೊರಡಿಸಿದವರಿಗೆ ಸಹಿಯ ಕೆಲಸ ಮಾತ್ರ. ಮೂಗುಗಳ ಬೆನ್ನು ಹತ್ತುವ ಕೆಲಸ ಬಿದ್ದದ್ದು ನಮ್ಮ ಆರೋಗ್ಯ ಸಹಾಯಕನ ತಲೆಗೆ. ಮೂಗಿಗೆ ಕಡ್ಡಿ ಹಾಕಿ ಪರೀಕ್ಷೆ ಮಾಡುವ ಅವನನ್ನು ಬೀದಿಯವರು ಕರೆಯುತ್ತಿದ್ದದ್ದೇ 'ಮೂಗುಕಡ್ಡಿ' ಎಂದು.

ಆವತ್ತು ಅವನು ಐವತ್ತನ್ನೂ ಮುಗಿಸಲೇಬೇಕಿತ್ತು. ಪಕ್ಕದ ಜಿಲ್ಲೆಯ ತವರಿನಲ್ಲಿ ಹೆಂಡತಿ ಹೆತ್ತು ಇಪ್ಪತ್ತು ದಿನವಾಗಿತ್ತು. ಮಗಳ ಮುಖವನ್ನು ಅವನಿನ್ನೂ ಫೋನಿನಲ್ಲಷ್ಟೇ ನೋಡಿದ್ದ.

"ಮಧ್ಯಾಹ್ನ ಎರಡು ಗಂಟೆಯೊಳಗೆ ಐವತ್ತೂ ಕಿಟ್ ಮುಗಿಸು, ನಾಳೆ ಒಂದು ದಿನ ರಜೆ ತಗೋ. ಒಂದು ಕಮ್ಮಿಯಾದ್ರೂ ರಜೆ ಮಾತೆತ್ತಬೇಡ," ಎಂದಿದ್ದರು ಡಾಕ್ಟರಮ್ಮ.

"ಐವತ್ತೇನು ಮೇಡಮ್, ಅರವತ್ತು ಕೊಡಿ!" ಎಂದು ಎದೆಯುಬ್ಬಿಸಿ ಹೊರಟಿದ್ದ.

ನಲವತ್ತನಾಲ್ಕು ಸಲೀಸಾಗಿ ಆಯಿತು. ಅಷ್ಟರಲ್ಲಿ ಸುದ್ದಿ ಹಬ್ಬಿ ಬೀದಿಗೆ ಬೀದಿಯೇ ಬಾಗಿಲು ಹಾಕಿಕೊಂಡಿತು. ಟೈಲರ್ ಷಟರ್ ಎಳೆದುಕೊಂಡು ಒಳಗಿನಿಂದ ಕೂಗಿದ:

"ನಾನಿಲ್ಲ ಕಣಯ್ಯಾ!"

"ಮತ್ತೆ ಮಾತಾಡ್ತಿರೋರು ಯಾರು?"

"ನನ್ನ ತಮ್ಮ. ಅವನೂ ಹೊರಗೆ ಹೋಗಿದ್ದಾನೆ!"

ನಿವೃತ್ತ ಮೇಷ್ಟ್ರು ಮಹಡಿಯಿಂದ ಇಳಿಯಲೇ ಇಲ್ಲ. "ನನ್ನ ಹೆಸರು ಬೇಕಾದ್ರೆ ಬರ್ಕೋಪ್ಪಾ, ಮೂಗು ಮಾತ್ರ ಕೇಳಬೇಡ," ಎಂದರು.

ಗಂಟೆ ಒಂದೂಕಾಲು. ಮೇಷ್ಟ್ರ ಮಾತು ಅವನ ತಲೆಯಲ್ಲಿ ದೀಪ ಹಚ್ಚಿತು. ಹೆಸರು ಅವರದಿರಲಿ, ಮೂಗು ನನ್ನದಾದರೇನು?

ಮೆಟ್ಟಿಲ ಕೆಳಗೆ ಕೂತು ತನ್ನ ಮೂಗಿಗೇ ಆರು ಸಲ ಕಡ್ಡಿ ಹಾಕಿಕೊಂಡ. ಎಡಕ್ಕೆ ಮೂರು, ಬಲಕ್ಕೆ ಮೂರು, ಪಕ್ಷಪಾತವಿಲ್ಲ. ಆರನೆಯದಕ್ಕೆ ಕಣ್ಣಲ್ಲಿ ದಳದಳ ನೀರು.

"ಅಳ್ತಿದ್ದೀಯೇನೋ?" ಮೇಲಿಂದ ಮೇಷ್ಟ್ರು ಬಗ್ಗಿ ನೋಡಿದರು.

"ಖುಷಿಗೆ ಸಾರ್!"

ಕಾಲು ಗಂಟೆಯಲ್ಲಿ ಫಲಿತಾಂಶ ಬಂತು. ಆರರಲ್ಲೂ ಸೋಂಕಿಲ್ಲ. ಮೇಷ್ಟ್ರು, ಟೈಲರ್ ಮತ್ತು ಇನ್ನೂ ನಾಲ್ವರ ಹೆಸರಿಗೆ ಚೀಟಿ ಬರೆದು ಬಾಗಿಲ ಸಂದಿಯಲ್ಲಿ ತೂರಿಸಿ, ಕಚೇರಿಗೆ ಓಡಿದ. ಡಾಕ್ಟರಮ್ಮ ಬೆನ್ನು ತಟ್ಟಿ ರಜೆಗೆ ಸಹಿ ಹಾಕಿದರು. ಅವನಿಗೆ ಒಂದಿಷ್ಟು ನಾಚಿಕೆಯಾಯಿತು. ಆದರೆ ಮಗಳನ್ನು ಎತ್ತಿಕೊಳ್ಳುವ ಆಸೆಯ ಮುಂದೆ ಅದು ನಿಲ್ಲಲಿಲ್ಲ.

ನಾಲ್ಕು ಗಂಟೆಯ ಬಸ್ಸಿನ ಮುಂದಿನ ಸೀಟಿನಲ್ಲಿ ನೋಡಿದರೆ ಮೇಷ್ಟ್ರು!

"ನಿನ್ನ ಮಾವನ ಬೀದಿಯಲ್ಲೇ ನನ್ನ ತಂಗಿ ಮನೆ ಇರೋದು. ನೋಡಿ ವರ್ಷವಾಯ್ತು," ಎಂದು ಹಲ್ಲುಬಿಟ್ಟರು.

ಜಿಲ್ಲೆಯ ಗಡಿಯಲ್ಲಿ ಪೊಲೀಸರು ಬಸ್ಸು ನಿಲ್ಲಿಸಿದರು. "ಮಧ್ಯಾಹ್ನದಿಂದ ಹೊಸ ಆದೇಶ. ಸೋಂಕಿಲ್ಲ ಅನ್ನೋ ಚೀಟಿ ತೋರಿಸಿ, ಇಲ್ಲದೋರು ಇಳೀರಿ."

ಮೇಷ್ಟ್ರು ಜೇಬಿನಿಂದ ಅವನೇ ಬರೆದುಕೊಟ್ಟ ಚೀಟಿ ತೆಗೆದರು. ಪೊಲೀಸಪ್ಪ ಸಲಾಮು ಹೊಡೆದ. ನಮ್ಮವನು ಗತ್ತಿನಿಂದ ಗುರುತಿನ ಚೀಟಿ ಹಿಡಿದ.

"ಆರೋಗ್ಯ ಇಲಾಖೆಯೋರಿಗೂ ಬೇಕು ಸಾರ್."

"ಇವತ್ತು ಒಂದೇ ದಿನ ಆರು ಸಲ ಮಾಡ್ಕೊಂ..." ಎಂದವನು ನಾಲಿಗೆ ಕಚ್ಚಿಕೊಂಡ. ಬಾಯಿಬಿಟ್ಟರೆ ಕೆಲಸ ಹೋಗುತ್ತದೆ. "ಇಲ್ಲೇ ಪರೀಕ್ಷೆ ಮಾಡ್ತೀರಾ?"

"ಕಿಟ್ ಖಾಲಿ. ಬರೋದು ನಾಳೆ ಸಂಜೆಗೆ."

ನಾಳೆ ಸಂಜೆಗೆ ರಜೆಯೇ ಮುಗಿದಿರುತ್ತದೆ. ಅವನು ಚೀಲ ಹಿಡಿದು ಇಳಿದ. ಬಸ್ಸು ಹೊರಟಿತು. ಮೇಷ್ಟ್ರು ಕಿಟಕಿಯಿಂದ ತಲೆ ಹಾಕಿ ಕೂಗಿದರು:

"ಊರಿಗೆಲ್ಲ ಮಾಡ್ತೀಯ, ನಿನ್ನದೊಂದು ಮಾಡ್ಕೊಬಾರದಿತ್ತೇನಪ್ಪಾ? ಹೋಗ್ಲಿ ಬಿಡು, ನಿನ್ನ ಮಗಳನ್ನ ನಾನು ನೋಡ್ಕೊಂಡು ಬರ್ತೀನಿ. ಮೂಗು ಅಪ್ಪನದೋ ಅಮ್ಮನದೋ ಬಂದು ಹೇಳ್ತೀನಿ!"