ವಲ್ಲಿಯ ಮರೆಯಲ್ಲಿ ಮಾರಿಹೋದ ಕಾರು

ಸರಕು ಕೊಳ್ಳುವುದು ಯಾರಿಗಾದರೂ ಬರುತ್ತದೆ, ಮಾರುವ ಹೊತ್ತು ಅರಿತವನೇ ವ್ಯಾಪಾರಿ. ಈ ಮಾತನ್ನು ನಮ್ಮ ತಂದೆ ಹೇಳುತ್ತಿದ್ದರು. ಅವರ ತಂದೆಯೂ ಹೇಳುತ್ತಿದ್ದರಂತೆ. ಗದಗಿನ ಹತ್ತಿ ಪೇಟೆಯಲ್ಲಿ ತಲೆಮಾರುಗಳಿಂದ ದಲಾಲಿ ಅಂಗಡಿ ನಡೆಸಿಕೊಂಡು ಬಂದ ಮನೆತನ ನಮ್ಮದು. ಹತ್ತಿ ಯಾವಾಗ ಏರುತ್ತದೆ, ಶೇಂಗಾ ಯಾವಾಗ ಇಳಿಯುತ್ತದೆ ಎಂಬುದು ಗಾದಿಯ ಮೇಲೆ ಕೂತಲ್ಲೇ ನನಗೆ ತಿಳಿಯುತ್ತಿತ್ತು. ಅಂಥವನಿಗೆ ಒಂದು ಹಳೆಯ ಕಾರನ್ನು ಯಾವಾಗ ಮಾರಬೇಕು ಎಂದು ನಿರ್ಧರಿಸುವುದು ಯಾವ ಮಹಾ ಕೆಲಸ? ಹಾಗಂತ ನಾನು ನಂಬಿದ್ದೆ!

ಕಾರು ಬೂದು ಬಣ್ಣದ ಅಂಬಾಸಡರ್. ಎಪ್ಪತ್ತರ ದಶಕದಲ್ಲಿ ಹುಬ್ಬಳ್ಳಿಯ ಒಬ್ಬ ವಕೀಲರಿಂದ ಕೊಂಡದ್ದು. ನಮ್ಮ ಓಣಿಗೆ ಅದೇ ಮೊದಲ ಕಾರು. ಅದರ ಮುಂದಿನ ಒಂದು ಬಾಗಿಲು ಒಳಗಿನಿಂದ ಮಾತ್ರ ತೆರೆಯುತ್ತಿತ್ತು, ಇನ್ನೊಂದು ಹೊರಗಿನಿಂದ ಮಾತ್ರ. ಹೀಗಾಗಿ ಹತ್ತುವುದು ಒಂದು ಕಡೆಯಿಂದ, ಇಳಿಯುವುದು ಇನ್ನೊಂದು ಕಡೆಯಿಂದ. ಪೆಟ್ರೋಲಿನ ಬೆಲೆ ಏರುತ್ತ ಹೋದ ಮೇಲೆ ಅದು ಪ್ರಯಾಣವನ್ನೇ ಬಿಟ್ಟು ನಮ್ಮ ಅಂಗಳದಲ್ಲಿ ಕಾಯಂ ಆಗಿ ನಿಂತಿತು. ಹಬ್ಬಕ್ಕೊಮ್ಮೆ ಅದನ್ನು ತೊಳೆದು, ಕುಂಕುಮ ಹಚ್ಚಿ, ನಿಂತಲ್ಲೇ ಹಾರ್ನ್ ಬಾರಿಸಿ ಸಂತೋಷಪಡುತ್ತಿದ್ದೆ.

ಅದು ನಿಂತ ಜಾಗದ ಮೇಲೆ ನನ್ನ ಹೆಂಡತಿ ನೀಲವ್ವನ ಕಣ್ಣಿತ್ತು. ಗದಗ-ಬೆಟಗೇರಿಯಲ್ಲಿ ಸಂಸಾರ ಮಾಡಿದವರಿಗೆ ನೀರಿನ ಕಥೆ ಹೇಳಬೇಕಾಗಿಲ್ಲ. ನಳ ಬಂದ ದಿನವೇ ನಮಗೆ ಹಬ್ಬ. ಅಂದು ಮನೆಯ ಹಂಡೆ, ಕೊಡ, ಪಾತೇಲಿ, ಕಡೆಗೆ ದೇವರ ತಂಬಿಗೆಯೂ ತುಂಬಬೇಕು. ತುಂಬಿದ್ದು ಖಾಲಿಯಾದ ಮೇಲೆ ಮತ್ತೆ ನಳ ಬರುವತನಕ ನೀಲವ್ವ ಕೊಡ ಹೊತ್ತು ದೂರದ ಬಾವಿಗೆ ಹೋಗಬೇಕು. ನೆಲದೊಳಗೆ ನೀರಿನ ಒಂದು ದೊಡ್ಡ ಟಾಕಿ ಕಟ್ಟಿಸಿಬಿಟ್ಟರೆ ಈ ಪಾಡು ತಪ್ಪುತ್ತಿತ್ತು. ಆದರೆ ಗೌಂಡಿ ಬಂದು ಅಂಗಳವನ್ನೆಲ್ಲ ಹಾರೆಯಿಂದ ಬಡಿದು ನೋಡಿ, "ಎಲ್ಲಾ ಕಡೆ ಹಾಸುಗಲ್ಲು ಐತ್ರಿ, ಕಾರು ನಿಂತಲ್ಲಿ ಅಷ್ಟ ಮಣ್ಣೈತಿ" ಎಂದು ತೀರ್ಪು ಕೊಟ್ಟಿದ್ದ.

"ಈ ಗಾಡಿ ಮಾರ್ರಿ" ಎಂದಳು ನೀಲವ್ವ. "ಅದು ನಿಂತಲ್ಲೆ ಟಾಕಿ ಕಟ್ಟಸೂಣು. ಜಾಗಾನೂ ಸಿಗತೈತಿ, ರೊಕ್ಕಾನೂ ಸಿಗತೈತಿ."

"ಮಾರೂಣು. ಧಾರಣಿ ಬರ್ಲಿ."

"ನಿಮ್ಮ ಧಾರಣಿ ಬರೂತನಕ ನನ್ನ ನಡಾ ಉಳೀಬೇಕಲ್ರಿ!"

ಧಾರಣಿ ಬಂದೇ ಇತ್ತು, ನಿಜ ಹೇಳಬೇಕೆಂದರೆ. ಆ ಕಾಲದಲ್ಲಿ ಹೊಸ ಕಾರು ಬೇಕೆಂದರೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕಿತ್ತು. ಅದಕ್ಕೇ ಹಳೆಯ ಕಾರಿಗೆ ಹೊಸದರ ಬೆಲೆ. ಮುಂಡರಗಿಯ ಮೆಣಸಿನಕಾಯಿ ವ್ಯಾಪಾರಿ ಖಾದರಸಾಬರು ನಮ್ಮ ಅಂಗಡಿಯ ಹಳೆಯ ಗಿರಾಕಿ. ಅವರಿಗೆ ನನ್ನ ಕಾರಿನ ಮೇಲೆ ಯಾಕೋ ಮನಸ್ಸು ಕೂತುಬಿಟ್ಟಿತ್ತು. ಸುಗ್ಗಿ ಮುಗಿದೊಡನೆ ಬಂದು ತಮ್ಮ ಹೆಗಲ ವಲ್ಲಿಯನ್ನು ನಮ್ಮಿಬ್ಬರ ಕೈ ಮೇಲೆ ಹೊದಿಸಿ, ಒಳಗೆ ನನ್ನ ಬೆರಳು ಹಿಡಿದು ಬೆಲೆ ಹೇಳುತ್ತಿದ್ದರು. ಇದು ನಮ್ಮ ಕಡೆಯ ಪದ್ಧತಿ. ಎತ್ತಿರಲಿ, ಹತ್ತಿಯಿರಲಿ, ಬೆಲೆ ಬಾಯಲ್ಲಿ ಬರುವುದಿಲ್ಲ, ಬೆರಳಲ್ಲಿ ಬರುತ್ತದೆ. ಸುತ್ತ ನಿಂತವರಿಗೆ ನಮ್ಮ ಮುಖ ಮಾತ್ರ ಕಾಣಬೇಕು.

ಪ್ರತಿ ಸಲವೂ ಅವರು ಒಂದು ಬೆರಳು ಹೆಚ್ಚಿಗೆ ಹಿಡಿಯುತ್ತಿದ್ದರು. ಏರುತ್ತಿರುವ ಸರಕನ್ನು ಯಾವ ಹುಚ್ಚ ಮಾರುತ್ತಾನೆ? ನಾನು ಕೈ ಎಳೆದುಕೊಂಡು, "ಮುಂದಿನ ವರ್ಷ ನೋಡೂಣ್ರಿ" ಎನ್ನುತ್ತಿದ್ದೆ.

ಅಷ್ಟರಲ್ಲಿ ಎಂಬತ್ತರ ದಶಕ ಬಂತು, ಅದರ ಹಿಂದೆಯೇ ಒಂದು ಸುದ್ದಿಯೂ ಬಂತು. ದಿಲ್ಲಿಯ ಕಡೆ ಒಂದು ಪುಟ್ಟ ಹೊಸ ಕಾರು ತಯಾರಾಗುತ್ತಿದೆಯಂತೆ, ಸದ್ದಿಲ್ಲದೆ ಓಡುತ್ತದಂತೆ, ಪೆಟ್ರೋಲನ್ನು ಬರೀ ಮೂಸಿ ನೋಡುತ್ತದಂತೆ! ಹಳೆಯ ಕಾರುಗಳ ಬೆಲೆ ಮೆಲ್ಲಗೆ ಸಡಿಲವಾಗತೊಡಗಿತು. ನಾನು ಹೆದರಲಿಲ್ಲ. ಇಳಿದ ಸರಕನ್ನು ಮಾರುವವನು ಹೇಡಿ, ಇಳಿದದ್ದು ಏರಲೇಬೇಕು. ಆ ಪುಟ್ಟ ಕಾರು ಒಂದು ದಿನ ಸ್ಟೇಶನ್ ರಸ್ತೆಯಲ್ಲಿ ಕಂಡಾಗ, "ಇದು ಕಡ್ಡಿಪೆಟ್ಟಿಗಿ. ನಮ್ಮ ಎರಿ ಹೊಲದ ಹಾದ್ಯಾಗ ಒಂದು ಮಳಿಗೆ ಮುಳುಗತೈತಿ" ಎಂದು ಘೋಷಿಸಿದೆ. ಕೇಳಿದವರೆಲ್ಲ ಹೌದೆಂದು ತಲೆಯಾಡಿಸಿದರು. ಅವರೆಲ್ಲ ಆಗ ನನ್ನ ಅಂಗಡಿಯಲ್ಲಿ ನನ್ನ ಚಹಾ ಕುಡಿಯುತ್ತಿದ್ದರೆಂಬುದು ಬೇರೆ ಮಾತು.

ನೀಲವ್ವ ಮಾತ್ರ ತಲೆಯಾಡಿಸಲಿಲ್ಲ. "ಏರಿದ್ರ ಮಾರಂಗಿಲ್ಲ ಅಂತೀರಿ, ಇಳದ್ರೂ ಮಾರಂಗಿಲ್ಲ ಅಂತೀರಿ. ಮತ್ತ ಮಾರೂದು ಯಾವಾಗ್ರಿ?"

ನಾನು ಸಿಟ್ಟು ಮಾಡಿಕೊಂಡು ಅಂಗಡಿಗೆ ನಡೆದೆ.

ಆ ವರ್ಷ ಖಾದರಸಾಬರು ಬರುವುದಾಗಿ ಹೇಳಿಕಳಿಸಿದಾಗ ನನ್ನ ತಲೆಯಲ್ಲಿ ಒಂದು ಉಪಾಯ ಹೊಳೆಯಿತು. ಪೇಟೆಯಲ್ಲಿ ಸರಕು ಬಿಕರಿಯಾಗದೆ ಕೂತಾಗ ಕೆಲವರು ಒಬ್ಬ ಸುಳ್ಳು ಗಿರಾಕಿಯನ್ನು ತಂದು ನಿಲ್ಲಿಸುತ್ತಾರೆ. ಅವನ ಆಸೆ ನೋಡಿ ನಿಜವಾದ ಗಿರಾಕಿ ಮೇಲೇರುತ್ತಾನೆ. ನಾನು ಈ ಕೆಲಸಕ್ಕೆ ಲಕ್ಷ್ಮೇಶ್ವರದಲ್ಲಿದ್ದ ನೀಲವ್ವನ ತಮ್ಮ ಈರಣ್ಣನನ್ನು ಕರೆಸಿದೆ. ಖಾದರಸಾಬರು ಅವನನ್ನು ನೋಡಿರಲಿಲ್ಲ.

"ನೀ ಏನೂ ಮಾಡಬ್ಯಾಡ. ವಲ್ಲಿ ಒಳಗ ಸುಮ್ನ ನನ್ನ ಬೆರಳು ಹಿಡಿ. ಆಮ್ಯಾಲೆ, ಭಾಳಾತು ಅಂತ ಹೇಳಿ ಎದ್ದು ಹೋಗು" ಎಂದು ಪಾಠ ಹೇಳಿದೆ.

"ಮಾಮಾ, ನಮ್ಮೂರಾಗ ನಾ ಬಯಲಾಟದಾಗ ಪಾರ್ಟು ಮಾಡಾಂವ. ನನಗ ಹೇಳಿಕೊಡ್ತೀರೇನು?" ಎಂದ.

ಆಗಲೇ ನಾನು ಎಚ್ಚರಾಗಬೇಕಿತ್ತು.

ಅಂದು ಈರಣ್ಣ ಜರಿಯ ರುಮಾಲು ಸುತ್ತಿ, ಮೀಸೆ ತಿರುವಿಕೊಂಡು, ನಮ್ಮ ಮನೆಯನ್ನು ಜನ್ಮದಲ್ಲಿ ಮೊದಲ ಸಲ ನೋಡುವವನಂತೆ ಕಣ್ಣು ಹಾಯಿಸುತ್ತ ಬಂದ. ಖಾದರಸಾಬರು ಆಗಲೇ ಕಟ್ಟೆಯ ಮೇಲೆ ಚಹಾ ಕುಡಿಯುತ್ತಿದ್ದರು. ಓಣಿಯ ನಾಲ್ಕಾರು ಮಂದಿಯೂ ಇದ್ದರು, ಆ ವೇಷದಲ್ಲಿ ಅವರಿಗೂ ಅವನ ಗುರುತು ಹತ್ತಲಿಲ್ಲ. ಈರಣ್ಣ ಕಾರಿನ ಸುತ್ತ ತಿರುಗಿದ, ಗಾಲಿಗೆ ಒದ್ದ, ಬಾನೆಟ್ಟಿಗೆ ಕಿವಿ ಹಚ್ಚಿದ. ಆಮೇಲೆ ನನ್ನ ಮುಂದೆ ಕೂತು ವಲ್ಲಿ ಹಾಸಿದ.

ಮೊದಲು ಎರಡು ಬೆರಳು ಹಿಡಿದ. ನಾನು ಬೇಡವೆಂದು ತಲೆ ಕೊಡವಿದೆ. ಮೂರು ಹಿಡಿದ. ಖಾದರಸಾಬರು ಚಹಾದ ಬಸಿ ಕೆಳಗಿಟ್ಟು ಮುಂದೆ ಬಾಗಿದರು. ನನ್ನ ಎದೆ ಹಿಗ್ಗಿತು. ಸಾಕು, ಇನ್ನು ಏಳು ಎಂಬರ್ಥದಲ್ಲಿ ಈರಣ್ಣನ ಅಂಗೈಯನ್ನು ಚಿವುಟಿದೆ. ಅವನು ಅದನ್ನು ಪ್ರೋತ್ಸಾಹವೆಂದು ತಿಳಿದ! ಐದೂ ಬೆರಳು ಹಿಡಿದ. ಇನ್ನೂ ಚಿವುಟಿದೆ. ಅವನ ಮುಖಕ್ಕೆ ರಾಜಕಳೆ ಬಂತು. "ಆತು! ಮುಗೀತು!" ಎಂದು ಗರ್ಜಿಸಿ, ವಲ್ಲಿಯನ್ನು ಸರಕ್ಕನೆ ಎಳೆದು, ಜೇಬಿನಿಂದ ಬೆಳ್ಳಗಿನ ಒಂದು ರೂಪಾಯಿ ತೆಗೆದು ಮುಂಗಡದ ಸಂಚಕಾರವೆಂದು ನನ್ನ ಅಂಗೈಯಲ್ಲಿಟ್ಟೇ ಬಿಟ್ಟ.

ವಲ್ಲಿ ತೆಗೆದು ಸಂಚಕಾರ ಕೈಯಲ್ಲಿಟ್ಟರೆ ವ್ಯವಹಾರ ಮುಗಿದಂತೆ. ಆಮೇಲೆ ಇನ್ನೊಬ್ಬ ದುಪ್ಪಟ್ಟು ಕೊಡುತ್ತೇನೆಂದರೂ ಮಾರುವವನು ಕೇಳುವ ಹಾಗಿಲ್ಲ, ಮರ್ಯಾದಸ್ಥನಾದವನು ಹಾಗೆ ಕೇಳುವುದೂ ಇಲ್ಲ. ಖಾದರಸಾಬರು ಮರ್ಯಾದಸ್ಥರು.

"ಭಾಳ ಚಲೋ ಆತು ನೋಡ್ರಿ ಶೆಟ್ರ" ಎಂದು ಅವರು ನನಗೆ ಹೇಳಿ, ಎದ್ದು ಈರಣ್ಣನ ಕೈ ಕುಲುಕಿದರು. "ಗಾಡಿ ತಿಳದವ್ರ ಕೈ ಸೇರ್ತು."

"ಸಾಹೇಬ್ರ, ನೀವೂ ಒಂದು ಮಾತು ಹೇಳಿದ್ರ..." ಎಂದು ನಾನು ತಡವರಿಸಿದೆ.

"ತೌಬಾ ತೌಬಾ! ವಲ್ಲಿ ತಗದ ಮ್ಯಾಲೆ ನಾ ಬಾಯಿ ಹಾಕಿದ್ರ ನಾಳೆ ಪ್ಯಾಟ್ಯಾಗ ನನ್ನ ಕೈ ಯಾರು ಹಿಡೀತಾರ್ರಿ? ಹೋಗ್ಲಿ ಬಿಡ್ರಿ, ನನ್ನ ಮಗಾ ಆ ಹೊಸಾ ಸಣ್ಣ ಗಾಡೀನ ಬೇಕಂತ ಹಟಾ ಹಿಡದಾನ. ಅದಕ್ಕ ಹೆಸರು ಬರಸ್ತೇನಿ."

ನೀಲವ್ವ ಒಳಗಿನಿಂದ ಸಕ್ಕರೆ ತಂದು ಎಲ್ಲರಿಗೂ ಹಂಚಿದಳು. ನನ್ನ ಬಾಯಿಗೂ ಹಾಕಿದಳು. ಅಂಥ ಕಹಿ ಸಕ್ಕರೆಯನ್ನು ನಾನು ಎಂದೂ ತಿಂದಿಲ್ಲ.

ಈಗ ಮಾರಿದ ಕಾರು ಮನೆಯಲ್ಲೇ ನಿಂತರೆ ಸುಳ್ಳು ಬಯಲಾಗುತ್ತದೆ. ಸುಳ್ಳು ಗಿರಾಕಿಯನ್ನು ತಂದವನೆಂದು ಗೊತ್ತಾದರೆ ಆ ಪೇಟೆಯಲ್ಲಿ ನಾನು ಮತ್ತೆ ಗಾದಿಯ ಮೇಲೆ ಕೂಡುವಂತಿಲ್ಲ. ಹಾಗಾಗಿ ಈರಣ್ಣ 'ತನ್ನ' ಕಾರನ್ನು ಲಕ್ಷ್ಮೇಶ್ವರಕ್ಕೆ ಒಯ್ಯಲೇಬೇಕಾಯಿತು. ಓಣಿಯ ಹೆಣ್ಣುಮಕ್ಕಳು ಆರತಿ ಬೆಳಗಿದರು. ತೆಂಗಿನಕಾಯಿ ಒಡೆದರು. ಕಾರು ಚಾಲೂ ಆಗಲಿಲ್ಲ. ಎಲ್ಲರೂ ಸೇರಿ ನೂಕಿದರು. ಎಲ್ಲರಿಗಿಂತ ಮುಂದೆ ನಿಂತು, ನನ್ನ ಕಾರನ್ನು ನನ್ನ ಮನೆಯಿಂದ ನಾನೇ ಹೊರಗೆ ನೂಕಿದೆ!

ಮರುದಿನ ಬೆಳಿಗ್ಗೆ ಹಾರೆಯ ಸದ್ದಿಗೆ ಎಚ್ಚರವಾಯಿತು. ಅಂಗಳದಲ್ಲಿ ಗೌಂಡಿಯ ಆಳುಗಳು ನೆಲ ಅಗೆಯುತ್ತಿದ್ದರು. ನೀಲವ್ವ ಸೆರಗು ಸಿಕ್ಕಿಸಿಕೊಂಡು ನಿಂತಿದ್ದಳು.

"ಏನಿದು?" ಎಂದೆ.

"ಟಾಕಿರಿ. ಗಾಡಿ ಮಾರಿ ಆತಲ್ಲ?"

ನಾನು ಅವಳನ್ನು ಪಕ್ಕಕ್ಕೆ ಕರೆದು ಪಿಸುಗುಟ್ಟಿದೆ. "ಹುಚ್ಚಿ, ಅದು ಖರೇ ಮಾರಿದ್ದಲ್ಲ..."

"ಜೋರಲೆ ಹೇಳ್ರಿ, ಗೌಂಡಿಗೂ ಕೇಳ್ಲಿ" ಎಂದಳು. ತಮ್ಮ ಅವಳಿಗೆ ಎಲ್ಲವನ್ನೂ ಹೇಳಿಯೇ ಹೋಗಿದ್ದನೆಂದು ಆಗ ತಿಳಿಯಿತು. ನಮ್ಮ ಗೌಂಡಿ ಒಂದು ಮಾತು ಕೇಳಿದರೆ ಬೆಟಗೇರಿಯ ತನಕ ಮುಟ್ಟಿಸುವ ಮನುಷ್ಯ. ನಾನು ಜೋರಾಗಿ, "ಆಳಾ ತಗೀರಿ, ಆಳಾ!" ಎಂದೆ.

ಗುಂಡಿ ಆಳವಾಗಿಯೇ ಆಯಿತು. ಆಮೇಲೆ ಕೆಲಸ ನಿಂತಿತು. ಇಟ್ಟಿಗೆಗೆ, ಸಿಮೆಂಟಿಗೆ ಕಾರಿನ ರೊಕ್ಕ ಬರಬೇಕಲ್ಲ? "ಇನ್ನೊಂದೀಟು ತಡಿ, ಪ್ಯಾಟಿ ತಿರಗತೈತಿ" ಎಂದು ನಾನು ಪೇಪರು ಓದುತ್ತ ಕೂತೆ. ಪ್ಯಾಟಿ ತಿರುಗಿತು, ಇನ್ನಷ್ಟು ಕೆಳಕ್ಕೆ. ಸ್ಟೇಶನ್ ರಸ್ತೆಯಲ್ಲಿ ಆ ಕಡ್ಡಿಪೆಟ್ಟಿಗೆಗಳು ಒಂದರ ಹಿಂದೆ ಒಂದು ಕಾಣತೊಡಗಿದವು. ಮಳೆ ಬಂದಾಗ ಅವು ಮುಳುಗಲಿಲ್ಲ. ನಾನು ಅತ್ತ ಹೋಗುವುದನ್ನೇ ಬಿಟ್ಟೆ.

ಒಂದು ದಿನ ನಾನು ಹೀಗೆಯೇ ಕೂತಿದ್ದಾಗ ಹೊರಗೆ ಏನೋ ಬಿದ್ದ ಸದ್ದಾಯಿತು. ಹೋಗಿ ನೋಡಿದರೆ ನೀಲವ್ವ ಗುಂಡಿಯೊಳಗೆ ಬಿದ್ದಿದ್ದಳು. ಬಾವಿಯಿಂದ ತುಂಬಿದ ಕೊಡ ಹೊತ್ತು ಗುಂಡಿಯ ಅಂಚಿನಲ್ಲಿ ಬರುವಾಗ ಮಣ್ಣು ಕುಸಿದಿತ್ತು. ದೇವರ ದಯೆಯಿಂದ ಮೊಣಕಾಲು ತರಚಿದ್ದು ಬಿಟ್ಟರೆ ಏನೂ ಆಗಿರಲಿಲ್ಲ. ನನ್ನನ್ನು ನೋಡಿ ಅವಳು ಅಳಲಿಲ್ಲ, ಬೈಯಲೂ ಇಲ್ಲ. ಚೆಲ್ಲಿದ ನೀರು ಮಣ್ಣಿನಲ್ಲಿ ಇಂಗುವುದನ್ನು ನೋಡುತ್ತ ಕೂತಿದ್ದಳು. ಅವಳು ಬೈದಿದ್ದರೆ ನಾನೂ ಏನಾದರೂ ಅನ್ನುತ್ತಿದ್ದೆ. ನನಗೆ ಬಹಳ ನಾಚಿಕೆಯಾಯಿತು. ಹತ್ತಿಯ ಧಾರಣೆ, ಕಾರಿನ ಧಾರಣೆ ಎಲ್ಲ ನೋಡುತ್ತ ಬಂದವನು ಈಕೆ ಹೊತ್ತು ತರುವ ಒಂದು ಕೊಡ ನೀರಿಗೆ ಧಾರಣೆ ಎಷ್ಟೆಂದು ಎಂದೂ ಕೇಳಿರಲಿಲ್ಲ. ಕೈ ಕೊಟ್ಟು ಅವಳನ್ನು ಮೇಲೆತ್ತಿದೆ. ಅಂದೇ ಲಕ್ಷ್ಮೇಶ್ವರದ ಬಸ್ಸು ಹತ್ತಿದೆ.

ಅಲ್ಲಿ ಇನ್ನೊಂದು ಫಜೀತಿ. ಊರಿಗೆಲ್ಲ ಅದು ಈರಣ್ಣನ ಕಾರು! ಅವನು ಅದರಲ್ಲಿ ಬಾಳೆಹೊಸೂರಿನ ಮಠಕ್ಕೆ ಹೋಗಿಬಂದಿದ್ದ, ಊರ ಮದುವೆಗಳ ಬೀಗರನ್ನೆಲ್ಲ ಹೊತ್ತಿದ್ದ. ಕೊಳ್ಳಲು ಬಂದವನು ಶಿರಹಟ್ಟಿಯ ಒಬ್ಬ ಚಹಾದಂಗಡಿಯವನು. ಕಾರನ್ನು ಬಾಡಿಗೆಗೆ ಬಿಡುವ ವಿಚಾರ ಅವನದು. ಅವನು ಈರಣ್ಣನ ಜೊತೆ ವ್ಯವಹಾರಕ್ಕೆ ಕೂತ. ನಾನು ಪಕ್ಕದಲ್ಲಿ, ಗದಗಿನಿಂದ ಬಂದ ದಲಾಲನೆಂದು ಪರಿಚಯವಾಗಿ, ಸುಮ್ಮನೆ ನಿಂತೆ.

ಬೆಲೆ ಒಂದು ಹದಕ್ಕೆ ಬಂದಿತ್ತು. ಅಷ್ಟರಲ್ಲಿ ಅವನು ನನ್ನ ಕಡೆ ತಿರುಗಿದ. "ನೀವು ಪ್ಯಾಟಿ ತಿಳದವ್ರು. ಖರೆ ಹೇಳ್ರಿ ಶೆಟ್ರ, ಈ ಗಾಡಿ ಧಾರಣಿ ಇನ್ನ ಇಳೀತೈತೇನು?"

ಹತ್ತಿ ತಂದ ರೈತ ಹೀಗೆ ಕೇಳಿದರೆ ನಿಜ ಹೇಳಬೇಕೆಂಬುದು ನಮ್ಮ ಮನೆತನದ ರೂಢಿ. ಬಾಯಿಗೆ ಅದೇ ಅಭ್ಯಾಸ.

"ಇಳೀತೈತ್ರಿ!" ಎಂದೆ.

ಈರಣ್ಣ ಹಣೆ ಬಡಿದುಕೊಂಡ. ಚಹಾದಂಗಡಿಯವನು ತಾನು ಹೇಳಿದ್ದ ಬೆಲೆಯಲ್ಲಿ ಮತ್ತೊಂದಿಷ್ಟು ಮುರಿದ. ಖಾದರಸಾಬರು ಮೊದಲ ವರ್ಷ ಹಿಡಿದ ಬೆರಳಿನ ಅರ್ಧಕ್ಕಿಂತ ಕಡಿಮೆಗೆ ಕಾರು ಹೋಯಿತು. ಹೋಗುವಾಗ ಅವನು ನನ್ನ ಪ್ರಾಮಾಣಿಕತೆಯನ್ನು ಮೆಚ್ಚಿ ಕೈಯಲ್ಲಿ ಒಂದಿಷ್ಟು ದಲಾಲಿ ಇಟ್ಟ. ನನ್ನ ಕಾರು ಮಾರಿಸಿದ್ದಕ್ಕೆ ನನಗೇ ದಲಾಲಿ!

ಬಂದ ರೊಕ್ಕಕ್ಕೆ ಟಾಕಿ ಅಂತೂ ಎದ್ದಿತು. ಒಳಗೋಡೆಗೆ ಸಿಮೆಂಟು ಬಳಿಯುವ ಗಿಲಾಯಿಗೆ ಸಾಲದೆ ಬಂದಾಗ ಆ ದಲಾಲಿಯನ್ನೂ ಅದಕ್ಕೇ ಹಾಕಿದೆ. ನಳ ಬಂದ ದಿನ ಓಣಿಯ ಹೆಣ್ಣುಮಕ್ಕಳು ಬಗ್ಗಿ ಬಗ್ಗಿ ಟಾಕಿ ನೋಡಿದರು. ಒಳಗೆ ನೀರು ಬೀಳುವ ಸದ್ದು ಕೇಳುತ್ತ ನೀಲವ್ವ ಕಟ್ಟೆಯ ಮೇಲೆ ಸುಮ್ಮನೆ ಕೂತಿದ್ದಳು. ನಳ ಬಂದಾಗ ಅವಳು ಕೂತದ್ದನ್ನು ನಾನು ನೋಡಿದ್ದು ಅಂದೇ.

"ಕಾರು ಎಷ್ಟಕ್ಕ ಹೋತ್ರೀ?" ಎಂದು ಯಾರೋ ಕೇಳಿದರು.

ನಾನು ಒಂದು ಗೌರವದ ಅಂಕಿಯನ್ನು ಹುಡುಕುತ್ತಿದ್ದೆ. ಅಷ್ಟರಲ್ಲಿ ನೀಲವ್ವ ಹೇಳಿದಳು: "ಒಂದು ಟಾಕಿ ನೀರಿಗೆ ಹೋತು. ಚಲೋ ಧಾರಣಿ ಸಿಕ್ತು."

ಅವಳು ನನ್ನ ಮರ್ಯಾದೆ ಉಳಿಸಲು ಹಾಗೆಂದಳೋ, ಮನಸಾರೆ ಎಂದಳೋ ಕೇಳುವ ಧೈರ್ಯ ನನಗೆ ಇನ್ನೂ ಬಂದಿಲ್ಲ.

ಪೇಟೆಯಲ್ಲಿ ಈಗಲೂ ಕೆಲವರು ನನ್ನ ಸಲಹೆ ಕೇಳಲು ಬರುತ್ತಾರೆ. ಸರಕು ಇಟ್ಟುಕೊಳ್ಳಿರೆಂದು ನಾನು ಹೇಳಿದರೆ ಹೋಗಿ ಮಾರುತ್ತಾರೆ. ಮಾರಿರೆಂದರೆ ಬೀಗ ಹಾಕಿ ಇಟ್ಟುಕೊಳ್ಳುತ್ತಾರೆ. ಎಲ್ಲರೂ ಚೆನ್ನಾಗಿದ್ದಾರೆ!