ದೊಡ್ಡ ಧಣಿಯವರು ಲೈನಿನಲ್ಲಿದ್ದಾರೆ

ನಮ್ಮ ತಂದೆ ದೇವಸ್ಥಾನದಲ್ಲಿ ಪೂಜೆ ಮಾಡುವವರು. ನಾನು ಊರಿನ ಆಫೀಸುಗಳಿಗೆ ಕಂಪ್ಯೂಟರ್ ನೆಟ್‌ವರ್ಕ್ ಜೋಡಿಸಿ ಕೊಡುವವನು. ಆದರೆ "ಇಲ್ಲಿ ಎಂತದೋ ಉಂಟು, ಸ್ವಲ್ಪ ಬಂದು ನೋಡಿ ಭಟ್ರೇ" ಎನ್ನುವ ಫೋನು ತಂದೆಗಿಂತ ನನಗೇ ಹೆಚ್ಚು ಬರುತ್ತದೆ. ಅದರಲ್ಲಿಯೂ ಒಂದೇ ಮನೆತನದ ಹೋಟೆಲುಗಳಿಂದ ಬಂದ ಕೆಲವು ಕರೆಗಳನ್ನು ನೆನೆದರೆ ಈಗಲೂ ಮೊದಲು ಮೈ ಜುಮ್ಮೆನ್ನುತ್ತದೆ, ಆಮೇಲೆ ನಗು ಬರುತ್ತದೆ.

ಅವರದು ಕಾವೂರಿನಲ್ಲಿ ಒಂದು ಹೋಟೆಲು, ತೊಕ್ಕೊಟ್ಟಿನಲ್ಲಿ ಇನ್ನೊಂದು, ಬಿಜೈಯಲ್ಲಿ ಆಫೀಸು. ಬಿಲ್ಲು ಬರೆಯುವುದು ಒಂದು ಕಂಪೆನಿಯ ಕ್ಲೌಡ್‌ನಲ್ಲಿ, ಹಾಜರಿ ಇನ್ನೊಂದು ಕಂಪೆನಿಯ ಕ್ಲೌಡ್‌ನಲ್ಲಿ, ಹಳೆಯ ಸರ್ವರ್ ಬಿಜೈ ಆಫೀಸಿನ ಮೂಲೆಯಲ್ಲಿ. ಒಂದಕ್ಕೊಂದು ಮಾತಿಲ್ಲ. ದೊಡ್ಡ ಧಣಿ ತೀರಿಕೊಂಡ ಮೇಲೆ ವ್ಯವಹಾರ ನೋಡಿಕೊಳ್ಳುತ್ತಿದ್ದ ಮಗ, ಸಣ್ಣ ಧಣಿ, ಎಲ್ಲವನ್ನೂ ಒಂದು ಮಾಡಿಕೊಡಿ ಎಂದರು. ನಾನು ಬಿಜೈಯನ್ನು ಹಬ್ ಮಾಡಿದೆ. ಯಾವ ಕಡೆಯದು ಯಾವ ಕಡೆಗೆ ಹೋಗುವುದಿದ್ದರೂ ಬಿಜೈಗೆ ಬಂದೇ ಹೋಗಬೇಕು.

ಅವರ ತಾಯಿ ಹಾಗೆಂದರೆ ಎಂತ ಎಂದು ಕೇಳಿದರು. ಬಸ್‌ಸ್ಟ್ಯಾಂಡ್ ಇದ್ದ ಹಾಗೆ ಅಮ್ಮ, ಎಲ್ಲ ಬಸ್ಸು ಅಲ್ಲಿಗೆ ಬಂದು ಮುಂದೆ ಹೋಗುತ್ತದೆ ಎಂದೆ. ಜನ ಬೇರೆ ಬಸ್ ಹತ್ತಿದರೆ ಎಂದು ಕೇಳಿದರು. ನಾನು ನಕ್ಕು ವಯರಿನ ಸುರುಳಿ ಬಿಚ್ಚಿದೆ.

ಆರನೇ ಟೇಬಲ್

ಕಾವೂರಿನ ಹೋಟೆಲು ರಿಪೇರಿಗೆಂದು ಮುಚ್ಚಿತ್ತು. ಕುರ್ಚಿಗಳೆಲ್ಲ ಟೇಬಲ್ ಮೇಲೆ ಕವುಚಿ, ಮೇಲೊಂದು ಬಿಳಿ ಬಟ್ಟೆ ಹೊದೆಸಿತ್ತು. ಒಳಗೆ ಕಾವಲಿನವ ಒಬ್ಬನೇ. ಒಂದು ಮಧ್ಯಾಹ್ನ, ಯಾರೂ ಇಲ್ಲದ ಅಡುಗೆಮನೆಯಲ್ಲಿ ಪ್ರಿಂಟರ್ ತನ್ನಷ್ಟಕ್ಕೆ ಕಿರ್ರೆಂದಿತು. ಹೋಗಿ ನೋಡಿದರೆ ಚೀಟಿ: 'ಟೇಬಲ್ ಆರು. ಕೋರಿ ರೊಟ್ಟಿ. ಬೇಗ.'

ಆರನೇ ಟೇಬಲ್ ದೊಡ್ಡ ಧಣಿ ದಿನಾ ಕೂರುತ್ತಿದ್ದ ಜಾಗ. ಕೋರಿ ರೊಟ್ಟಿ ಅವರಿಗೆ ಜೀವ, ಕನ್ನಡಕ ಏರಿಸಿ ಕೂತು ತಿನ್ನುವವರು. ಕಾವಲಿನವ ಚೀಟಿ ಹಿಡಿದು ಹೊರಗೋಡಿ ಧಣಿಗಳ ಮನೆಯ ಅಮ್ಮನಿಗೆ ಫೋನ್ ಮಾಡಿದ. ಅಮ್ಮ ಮನೆಯಿಂದಲೇ ಕೋಳಿಸಾರು, ರೊಟ್ಟಿ ಕಳಿಸಿದರು. ತೀರಿಕೊಂಡವರಿಗೆ ಎಲೆ ಹಾಕಿ ಬಡಿಸಿ, ಬಾಗಿಲು ಎಳೆದು ಹೊರಗೆ ನಿಲ್ಲುವುದು ನಮ್ಮ ಕಡೆಯ ಕ್ರಮ. ಅವನೂ ಆರನೇ ಟೇಬಲ್ ಖಾಲಿ ಮಾಡಿ ಹಾಗೇ ಬಡಿಸಿ, ಕೈಮುಗಿದು ಹೊರಗೆ ನಿಂತಿದ್ದ.

ಅಷ್ಟರಲ್ಲಿ ತೊಕ್ಕೊಟ್ಟಿನಿಂದ ನನಗೆ ದೂರು ಬಂದಿತ್ತು, ಗಿರಾಕಿಗಳ ಆರ್ಡರು ಅಡುಗೆಮನೆಗೆ ಬರುತ್ತಿಲ್ಲ ಅಂತ. ಹಿಂದೆ ಯಾರೋ ಎರಡೂ ಹೋಟೆಲಿನ ಪ್ರಿಂಟರಿಗೆ ಒಂದೇ ನಂಬರ್ ಕೊಟ್ಟಿದ್ದರು. ಬೇರೆ ಬೇರೆ ಇದ್ದಾಗ ತೊಂದರೆ ಇರಲಿಲ್ಲ, ಹಬ್‌ಗೆ ಸೇರಿಸಿದ ಮೇಲೆ ತೊಕ್ಕೊಟ್ಟಿನ ಆರನೇ ಟೇಬಲ್ಲಿನ ಆರ್ಡರು ಕಾವೂರಿಗೆ ಹೋಗುತ್ತಿತ್ತು. ನಾನು ಕಾವೂರಿಗೆ ಓಡಿ, ಕಾವಲಿನವನಿಗೆ ಇದನ್ನೆಲ್ಲ ಬಿಡಿಸಿ ಹೇಳಿದೆ. ಅವನು ತಲೆಯಾಡಿಸಿದ. ಇಬ್ಬರೂ ಬಾಗಿಲು ತೆರೆದು ಒಳಗೆ ಹೋದೆವು. ಕತ್ತಲೆ ಕತ್ತಲೆ, ಸಾರಿನ ಪರಿಮಳ, ಎಲೆಯ ಮೇಲೆ ಇಟ್ಟದ್ದು ಇಟ್ಟ ಹಾಗೇ ಉಂಟು. ಆಗಲೇ ಪ್ರಿಂಟರ್ ಮತ್ತೊಮ್ಮೆ ಕಿರ್ರೆಂದಿತು. ಚೀಟಿಯಲ್ಲಿ, 'ಟೇಬಲ್ ಆರು. ಇನ್ನೂ ಬರಲಿಲ್ಲ.'

ಎಲ್ಲ ಗೊತ್ತಿದ್ದ ನಾನೇ ಒಂದು ಹೆಜ್ಜೆ ಹಿಂದೆ ಸರಿದೆ. ಕಾವಲಿನವ ಚೀಟಿ ಓದಿ, ಎಲೆ ನೋಡಿ, ನಿಟ್ಟುಸಿರು ಬಿಟ್ಟ.

"ನೀವು ಹೇಳಿದ್ದೆಲ್ಲ ಸರಿ ಭಟ್ರೇ. ಆದರೆ ತಪ್ಪು ನನ್ನದೇ. ಧಣಿಯವರ ಕನ್ನಡಕ ಇಡಲಿಲ್ಲ."

ಎರಡು ಕಡೆ ಒಬ್ಬ

ಹಾಜರಿಗೆ ಎಲ್ಲ ಕಡೆ ಬೆರಳು ಒತ್ತುವ ಮಿಷನ್ನು. ಹಬ್ ಆದ ಮೇಲೆ ಎಲ್ಲರ ಹಾಜರಿಯೂ ಬಿಜೈಯ ಒಂದೇ ಪರದೆಯಲ್ಲಿ ಬರತೊಡಗಿತು. ಒಂದು ಬೆಳಿಗ್ಗೆ ತೊಕ್ಕೊಟ್ಟಿನ ಮುಖ್ಯ ಅಡುಗೆಯವರು ತೊಕ್ಕೊಟ್ಟಿನಲ್ಲಿ ಬೆರಳು ಒತ್ತಿದ್ದರು. ಅದೇ ಹೊತ್ತಿಗೆ ಅವರೇ ಬಿಜೈ ಆಫೀಸಿಗೂ ಬಂದಿದ್ದಾರೆ ಅಂತ ಪರದೆ ತೋರಿಸುತ್ತಿತ್ತು. ಆಫೀಸಿನ ಮ್ಯಾನೇಜರಮ್ಮ ಎದ್ದು ಮೆಟ್ಟಿಲಿನವರೆಗೆ ಹೋಗಿ ನೋಡಿದರು. ಆಗಷ್ಟೇ ಕೆಲಸಕ್ಕೆ ಬಂದ ಕ್ಯಾಷಿಯರನನ್ನು ಬಿಟ್ಟರೆ ಯಾರೂ ಇಲ್ಲ. ಮರುದಿನವೂ ಹಾಗೇ. ಮೂರನೇ ದಿನ ಅವರು ಒಬ್ಬರೇ ಬಾಗಿಲು ತೆರೆಯಲು ಒಪ್ಪಲಿಲ್ಲ.

ವಿಷಯ ಏನೂ ಅಲ್ಲ. ಅಡುಗೆಯವರ ಹಾಜರಿ ನಂಬರೂ ಬಿಜೈಯ ಕ್ಯಾಷಿಯರನ ನಂಬರೂ ಒಂದೇ ಆಗಿತ್ತು. ಅದನ್ನು ನಾನು ಹುಡುಕುವ ಮೊದಲೇ ಸಣ್ಣ ಧಣಿ ಅಡುಗೆಯವರಿಗೆ ಫೋನ್ ಮಾಡಿ, ನೀವು ಒಂದೇ ಹೊತ್ತಿಗೆ ಎರಡು ಕಡೆ ಕಾಣಿಸಿಕೊಳ್ಳುತ್ತಿದ್ದೀರಿ ಅಂತ ಗಂಭೀರವಾಗಿಯೇ ಹೇಳಿಬಿಟ್ಟರು. ಆ ಕಡೆ ಒಲೆ ಸಣ್ಣ ಮಾಡಿದ ಸದ್ದು ಕೇಳಿಸಿತು.  ಆಮೇಲೆ ಅಡುಗೆಯವರು ಮೆಲ್ಲಗೆ ಹೇಳಿದರಂತೆ:

"ಹಾಗೆ ಹೇಳಿ. ಸಂಜೆಗೆ ನನಗೆ ಯಾಕೆ ಇಷ್ಟು ಸುಸ್ತು ಅಂತ ನಾನೂ ಆಲೋಚನೆ ಮಾಡ್ತಿದ್ದೆ."

ಎಂತ ಬೇಕು?

ಕೊನೆಗೆ ಫೋನುಗಳನ್ನೂ ಸೇರಿಸಿದೆವು. ಒಂದು ವಾರ ಸುಸೂತ್ರ. ಒಂದು ದಿನ ತೊಕ್ಕೊಟ್ಟಿನ ಮ್ಯಾನೇಜರು ಯಾವುದೋ ನಂಬರ್ ತಪ್ಪಿ ಒತ್ತಿದರು. ಫೋನ್ ಎತ್ತಿದವರು ದೊಡ್ಡ ಧಣಿ.

"ಹಾಂ, ನಾನೇ ಮಾತಾಡುವುದು. ಎಂತ ಬೇಕು?"

ಮ್ಯಾನೇಜರು ಕುರ್ಚಿಯಿಂದ ಎದ್ದು ನಿಂತುಬಿಟ್ಟರು. ಎಷ್ಟೋ ವರ್ಷದ ಅಭ್ಯಾಸ ನೋಡಿ, ನಾಲಿಗೆ ತಾನಾಗಿ ಎರಡು ದಿನ ರಜೆ ಕೇಳಿತಂತೆ. ಆ ಕಡೆಯಿಂದ ಉತ್ತರ ಇಲ್ಲ. ಧಣಿಗೆ ಮನಸ್ಸಿಲ್ಲ ಎಂದುಕೊಂಡು ರಜೆ ಹಾಕದೆ ಕೆಲಸಕ್ಕೆ ಬಂದರು.

ನಾನು ಹುಡುಕಿದೆ. ಬಿಜೈ ಆಫೀಸಿನ ಅಟ್ಟದಲ್ಲಿ ಹಳೆಯ ಫೋನಿನ ಪೆಟ್ಟಿಗೆ ಒಂದಿತ್ತು. ಯಾರೂ ಎತ್ತದಿದ್ದರೆ ಕೇಳಿಸಲಿ ಅಂತ ದೊಡ್ಡ ಧಣಿ ಅದರಲ್ಲಿ ತಮ್ಮ ಸ್ವರ ತುಂಬಿಸಿಟ್ಟಿದ್ದರು. ಈಗ ಇಲ್ಲದ ನಂಬರ್ ಒತ್ತಿದರೆ ಹಬ್ ದಾರಿ ತಿಳಿಯದೆ ಕರೆಯನ್ನು ಅಲ್ಲಿಗೆ ಬಿಡುತ್ತಿತ್ತು.

ಸಣ್ಣ ಧಣಿ ಅಟ್ಟ ಹತ್ತಿ ಬಂದರು. ಕೆಲಸದವರು ಫೋನ್ ಮುಟ್ಟುತ್ತಿಲ್ಲ, ಇವತ್ತೇ ಅಳಿಸಿ ಎಂದರು. ಆದರೆ ಅಳಿಸಿದರೆ ಆ ಸ್ವರ ಮತ್ತೆಲ್ಲಿಯೂ ಇಲ್ಲ. ನನಗೆ ಕೈ ಬರಲಿಲ್ಲ. ಅಮ್ಮನಿಗೆ ಹೇಳಿ ಕಳಿಸಿದೆವು.

ಅಮ್ಮ ಬಂದು ಗಂಡನ ಕೋಣೆಯಲ್ಲಿ ಕೂತರು. ನಾನೇ ನಂಬರ್ ಒತ್ತಿ ರಿಸೀವರ್ ಕೊಟ್ಟೆ. ಅವರು ಕಣ್ಣು ಮುಚ್ಚಿ ಕೇಳಿದರು. ಇನ್ನೊಮ್ಮೆ ಎಂದರು. ಮತ್ತೊಮ್ಮೆ ಕೇಳಿದರು.  ಸಣ್ಣ ಧಣಿ ಕಿಟಕಿಯ ಕಡೆ ತಿರುಗಿ ನಿಂತಿದ್ದರು. 

ಅಮ್ಮ ರಿಸೀವರ್ ಇಟ್ಟು, ಸೆರಗಿನಿಂದ ಕಣ್ಣೊರೆಸಿಕೊಂಡರು. ಎಂತ ಮಾಡುವುದು ಅಮ್ಮ, ಅಳಿಸುವುದಾ ಎಂದು ಕೇಳಿದೆ.

"ಬೇಡ ಭಟ್ರೇ, ಇರಲಿ. ಇದ್ದಾಗ ನಾನು ಹತ್ತು ಸಲ ಮಾಡಿದರೆ ಒಂದು ಸಲ ಫೋನ್ ಎತ್ತಿದವರಲ್ಲ. ಈಗ ಒಂದೇ ರಿಂಗಿಗೆ ಎತ್ತುತ್ತಾರೆ, ಎಂತ ಬೇಕು ಅಂತ ಕೇಳ್ತಾರೆ, ಮತ್ತೆ ನಾನು ಹೇಳಿ ಮುಗಿಸುವವರೆಗೆ ಒಂದು ಎದುರು ಮಾತಿಲ್ಲ."